ಕಾರ್ತಿಕದ ಕಾಲ್ನಡಿಗೆಗೆ ಯಾವ ದಾರಿ?

ದೀಪಾವಳಿಯ ಗಿರಾಕಿಗಳ ನೂಕುನುಗ್ಗಲು ಇಳಿದು ತುಳಸೀಪೂಜೆಯ ದಿನಗಳು ಸಮೀಪಿಸುವಾಗ ಮುಂಬಯಿಯ ನಮ್ಮವರ ಹೋಟೆಲುಗಳಲ್ಲಿ ತುಸು ಬಿಡುವು ಕಾಣಿಸಿಕೊಳ್ಳುತ್ತದೆ. ಅದು ಯಜಮಾನರು ಲೆಕ್ಕ ನೋಡುವ ಕಾಲ, ಹುಡುಗರು ರಜೆ ಕೇಳುವ ಕಾಲ. ಸಿಕ್ಕುವ ಮೂರು ನಾಲ್ಕು ದಿನಗಳು ಊರಿಗೆ ಹೋಗಿಬರಲು ಸಾಲವು. ಕೋಣೆಯಲ್ಲಿ ಮಲಗಿ ಕಳೆಯಲು ಹೆಚ್ಚಾದುವು. ಅವನ್ನು ಬೆನ್ನಿಗೊಂದು ಚೀಲ ಕಟ್ಟಿಕೊಂಡು ಸಹ್ಯಾದ್ರಿಯ ಕಾಲುದಾರಿಗಳಲ್ಲಿ ಕಳೆಯುವ ರೂಢಿ ನಮ್ಮ ತರುಣರಲ್ಲಿ ಬೆಳೆದಿರುವುದು ಸಂತೋಷದ ಸಂಗತಿ. ಆದರೆ ಯಾವ ದಾರಿಯನ್ನು ಆರಿಸಬೇಕೆಂಬ ವಿಚಾರದಲ್ಲಿ ಅವರು ತೋರುವ ಅವಸರವನ್ನು ಕಂಡು ನಾಲ್ಕು ಮಾತು ಬರೆಯುವುದು ನಮ್ಮ ಕರ್ತವ್ಯವೆನಿಸಿದೆ.

ಕಾಲವೇನೋ ಅತ್ಯುತ್ತಮವಾದುದೇ. ಮಳೆ ನಿಂತು ಬಂಡೆಗಳ ಪಾಚಿ ಒಣಗಿರುತ್ತದೆ. ಜಿಗಣೆಗಳ ಕಾಟ ತೀರಿರುತ್ತದೆ. ಅಕ್ಟೋಬರದ ಉರಿಬಿಸಿಲು ಇಳಿದಿರುತ್ತದೆ. ಅದಕ್ಕಿಂತ ಮುಖ್ಯವಾಗಿ, ಮಾಘ ಫಾಲ್ಗುಣಗಳಲ್ಲಿ ಬತ್ತಿಹೋಗುವ ಅನೇಕ ತೊರೆಗಳಲ್ಲಿ ಈಗಿನ್ನೂ ನೀರಾಡುತ್ತಿರುತ್ತದೆ. ಪ್ರತಿಯಾಗಿ ಹಗಲು ಚಿಕ್ಕದು. ನವೆಂಬರ ಕೊನೆಯಲ್ಲಿ ಮುಂಬಯಿಯ ಸುತ್ತಿನಲ್ಲಿ ಸೂರ್ಯ ಹುಟ್ಟುವುದು ಏಳಕ್ಕೆ ಹತ್ತು ನಿಮಿಷವಿರುವಾಗ, ಮುಳುಗುವುದು ಆರರ ಸುಮಾರಿಗೆ. ಬೆಟ್ಟದ ಮಗ್ಗುಲಿನಲ್ಲಿ ಕತ್ತಲೆ ಇನ್ನೂ ಬೇಗ ಕವಿಯುತ್ತದೆ. ನಾಲ್ಕೂವರೆಗೆ ತಂಗುವ ಸ್ಥಳವನ್ನು ಸೇರಲಾಗದ ದಾರಿ ಈ ಋತುವಿಗೆ ತಕ್ಕ ದಾರಿಯಲ್ಲ.

ನಾವು ಗಲ್ಲಾದ ಮೇಲೆ ಕುಳಿತಿದ್ದ ಕಾಲದಲ್ಲಿ ನಮ್ಮಲ್ಲಿಯ ಐವರು ಹುಡುಗರು ಒಂದು ಪ್ರಸಿದ್ಧ ಕೋಟೆಗೆ ಹೊರಟರು. ಮೊಬೈಲಿನಲ್ಲಿ ಕಂಡ ಚಿತ್ರವೇ ಅವರ ಆಯ್ಕೆಗೆ ಆಧಾರ. ಮೇಲಿನ ತೊಟ್ಟಿಯ ನೀರು ಹಸುರುಗಟ್ಟಿತ್ತಂತೆ. ಬಾಯಾರಿ, ಅವಸರದಲ್ಲಿ ಸಂಜೆ ಇಳಿಯುವಾಗ ಒಬ್ಬನ ಕಾಲು ಉಳುಕಿತು. ಅವನನ್ನು ಹೊತ್ತು ತರಲು ಹತ್ತಿರದಲ್ಲಿ ಊರಿಲ್ಲ, ರಸ್ತೆಯಿಲ್ಲ. ಹದಿನೈದು ದಿನ ಅವನು ಟೇಬಲಿನ ಬಳಿ ನಿಲ್ಲಲಾರದೆ ಹೋದ. ಕಚೇರಿಯ ಗುಮಾಸ್ತನಿಗೆ ಉಳುಕಿದ ಕಾಲೆಂದರೆ ಒಂದು ವಾರದ ನೋವು; ದಿನವಿಡೀ ನಿಂತು ದುಡಿಯುವವನಿಗೆ ಅದು ಆ ತಿಂಗಳು ಊರಿಗೆ ಹೋಗದ ಮನಿಯಾರ್ಡರು. ಈಗ ಹಣ ಬ್ಯಾಂಕಿನ ಮೂಲಕ ಹೋಗುತ್ತದೆ, ನಿಜ. ಕಾಯುವ ತಾಯಿ ಮಾತ್ರ ಅವಳೇ.

ಆದುದರಿಂದ ದಾರಿಯನ್ನು ಆರಿಸುವಾಗ ಶಿಖರದ ಎತ್ತರವನ್ನು ಕೊನೆಗೆ ಕೇಳಿರಿ. ಮೊದಲು ಕೇಳಬೇಕಾದವು ಎರಡೇ: ಪ್ರತಿದಿನ ನೀರು ಎಲ್ಲಿ ಸಿಗುತ್ತದೆ? ಒಬ್ಬನ ಕೈಯಲ್ಲಿ ನಡೆಯಲಾಗದಿದ್ದರೆ ಎಲ್ಲಿಂದ ರಸ್ತೆಗೆ ಇಳಿಯಬಹುದು?

ಈ ಒರೆಗಲ್ಲಿಗೆ ತಿಕ್ಕಿದರೆ ಕೆಲವು ಹೆಸರುಗಳು ತಾವಾಗಿ ಬಿದ್ದುಹೋಗುತ್ತವೆ. ಅಲಂಗ, ಮದನ, ಕುಲಂಗಗಳ ಮಾತನ್ನು ಹೊಸಬರು ಎತ್ತಲೇಬಾರದು. ಅಲ್ಲಿ ಹಗ್ಗ ಹಿಡಿದು ಬಂಡೆಯೇರಬೇಕು. ಪುಣೆಯ ನಮ್ಮ ಓದುಗರಿಗೆ ರಾಜಗಡದಿಂದ ತೋರಣಾದವರೆಗಿನ ಎರಡು ದಿನಗಳ ದಾರಿ ಸಮೀಪ. ಶಿವಾಜಿ ಮಹಾರಾಜರು ರಾಯಗಡಕ್ಕೆ ಹೋಗುವ ಮುನ್ನ ಸುಮಾರು 25 ವರ್ಷ ರಾಜಧಾನಿಯಾಗಿದ್ದ ರಾಜಗಡ 2025ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಯನ್ನೂ ಸೇರಿತು. ನಡಿಗೆ ಸೊಗಸಾದುದೇ, ಆದರೆ ಸಂಜೀವನಿ ಮಾಚಿಯನ್ನು ಬಿಟ್ಟ ಮೇಲೆ ತೋರಣಾ ಸೇರುವ ತನಕ ಬೋಳು ಏಣಿನ ಮೇಲೆ ನೀರನ್ನು ನಂಬುವಂತಿಲ್ಲ. ಕೋಟೆಯ ಮೇಲೆ ರಾತ್ರಿ ತಂಗಲು ಅಪ್ಪಣೆಯುಂಟೇ ಎಂಬುದನ್ನೂ ಮುಂಚಿತವಾಗಿ ವಿಚಾರಿಸಬೇಕು. ಮೊದಲ ಬಾರಿ ಹೊರಡುವವರಿಗೆ ಕರ್ಜತದ ಕಡೆಯ ಖಾಂಡಸದಿಂದ ಗಣೇಶ ಘಾಟಿಯಾಗಿ ಭೀಮಾಶಂಕರ ಒಳ್ಳೆಯದು. ಏಣಿಗಳ ದಾರಿಯಾದ ಶಿಡೀ ಘಾಟಿಯನ್ನು ಬಿಟ್ಟುಬಿಡಿರಿ. ಕಲಬುರಗಿ, ವಿಜಯಪುರಗಳ ಕಡೆಯವರು ತಮ್ಮೂರಿನ ಭೀಮಾನದಿ ಹುಟ್ಟುವ ಸ್ಥಳವನ್ನು ನೋಡಿದಂತೆಯೂ ಆಗುತ್ತದೆ. ಆದರೆ ಅದು ಒಂದು ರಾತ್ರಿಯ ಪ್ರವಾಸ.

ಮೂರು ರಾತ್ರಿಗಳ ರಜೆಯುಳ್ಳವರಿಗೆ ನಾವು ಹೇಳುವುದು ರತನಗಡದಿಂದ ಹರಿಶ್ಚಂದ್ರಗಡದ ದಾರಿಯನ್ನು. ಮಧ್ಯ ರೇಲ್ವೆಯ ಲೋಕಲಿನಲ್ಲಿ ಕಸಾರಾಕ್ಕೆ ಹೋಗಿ, ಅಲ್ಲಿಂದ ಘೋಟಿ, ಭಂಡಾರದರಾ ಮಾರ್ಗವಾಗಿ ರತನವಾಡಿಯನ್ನು ತಲುಪಬೇಕು. 1926ರಲ್ಲಿ ಪೂರ್ಣವಾದ ವಿಲ್ಸನ್ ಅಣೆಕಟ್ಟಿನ ಹಿಂದಣ ಜಲಾಶಯದ ದಡದಲ್ಲಿ ಈ ಹಳ್ಳಿ. ಇಲ್ಲಿಯ ಅಮೃತೇಶ್ವರ ದೇವಾಲಯ ಶಿಲಾಹಾರರ ಕಾಲದ್ದೆಂದು ಹೇಳುತ್ತಾರೆ. ಆ ಮನೆತನದವರು ಮೊದಲು ನಮ್ಮ ಮಾನ್ಯಖೇಟದ ರಾಷ್ಟ್ರಕೂಟರ ಸಾಮಂತರಾಗಿದ್ದವರು. ಕಂಬಗಳ ಮೇಲಣ ಕೆತ್ತನೆಯನ್ನು ನೋಡಲು ಒಂದು ಗಂಟೆಯನ್ನಾದರೂ ಮೀಸಲಿಡಿರಿ. 1297 ಮೀಟರ್ ಎತ್ತರದ ರತನಗಡವನ್ನು ಕಬ್ಬಿಣದ ಏಣಿಗಳ ಮೂಲಕ ಹತ್ತಿ, ತುದಿಯ ಬಂಡೆಯಲ್ಲಿ ಸೂಜಿಯ ಕಣ್ಣಿನಂತೆ ತೆರೆದಿರುವ ‘ನೇಢೆ’ಯನ್ನು ಕಂಡು, ಅದೇ ದಿನ ಹಳ್ಳಿಗೆ ಮರಳುವುದು ಲೇಸು. ಏಣಿಗೆ ಅಂಜುವವನು ಕೆಳಗೇ ಉಳಿದರೆ ಅವನನ್ನು ಹಾಸ್ಯ ಮಾಡಬಾರದು.

ಎರಡನೆಯ ದಿನ ಕಾತ್ರಾಬಾಯಿ ಖಿಂಡಿಯನ್ನು ದಾಟಿ ಕುಮಶೇತಕ್ಕೆ. ಇಡೀ ಪ್ರವಾಸದಲ್ಲಿ ದಾರಿ ತಪ್ಪಲು ಹೆಚ್ಚು ಆಸ್ಪದವಿರುವುದು ಈ ಕಾಡಿನಲ್ಲಿಯೇ. ದನಗಳ ಜಾಡು ಯಾವುದು, ಮನುಷ್ಯರ ಜಾಡು ಯಾವುದು ಎಂಬುದು ಹೊರಗಿನವರಿಗೆ ತಿಳಿಯದು. ಕಣಿವೆಯಲ್ಲಿ ಮೊಬೈಲು ಮಾತಾಡೀತೆಂದು ನಂಬುವಂತಿಲ್ಲ. ರತನವಾಡಿಯಿಂದ ಒಬ್ಬ ‘ವಾಟಾಡ್ಯಾ’ನನ್ನು, ಎಂದರೆ ದಾರಿ ತೋರುವವನನ್ನು, ಕೂಲಿ ನಿಶ್ಚಯಿಸಿ ಕರೆದುಕೊಳ್ಳಿರಿ. ಸಂಬಳಕ್ಕಾಗಿ ದುಡಿಯುವ ನಾವು ಇನ್ನೊಬ್ಬನ ಕೂಲಿಯಲ್ಲಿ ಚೌಕಾಸಿ ಮಾಡುವುದು ಅಂದವಲ್ಲ. ಕುಮಶೇತದಲ್ಲಿ ಊಟಕ್ಕೆ ಭಾಕರಿ, ಝುಣಕ ಸಿಕ್ಕರೆ ಉತ್ತರ ಕರ್ನಾಟಕದವರಿಗೆ ಮನೆಯ ನೆನಪಾದೀತು. ಕರಾವಳಿಯವರು ಒಂದು ದಿನ ಅನ್ನವನ್ನು ಮರೆಯಬೇಕು.

ಮೂರನೆಯ ದಿನ ಪಾಚನಈ ಹಳ್ಳಿಗೆ ನಡೆದು, ಅಲ್ಲಿಂದ ಹರಿಶ್ಚಂದ್ರಗಡಕ್ಕೆ. ಗಡವನ್ನೇರುವ ದಾರಿಗಳಲ್ಲಿ ಇದೇ ಸುಲಭವಾದುದು. 1424 ಮೀಟರ್ ಎತ್ತರದ ಈ ಬೆಟ್ಟದ ಮೇಲೆ ಹರಿಶ್ಚಂದ್ರೇಶ್ವರನ ದೇವಾಲಯವಿದೆ, ಪುಷ್ಕರಣಿಯಿದೆ, ಬಂಡೆಯಲ್ಲಿ ಕೊರೆದ ಗುಹೆಗಳಿವೆ. ಕೇದಾರೇಶ್ವರದ ಗುಹೆಯಲ್ಲಿ ದೊಡ್ಡ ಲಿಂಗವೊಂದು ತಣ್ಣೀರಿನ ನಡುವೆ ನಿಂತಿದೆ. ಸುತ್ತಲಿನ ನಾಲ್ಕು ಕಂಬಗಳಲ್ಲಿ ಮೂರು ಮುರಿದು ಒಂದೇ ಇಡಿಯಾಗಿ ಉಳಿದಿದೆ. ಶಿಖರಗಳ ಹೆಸರನ್ನು ಕೇಳಿದರೆ ನಮ್ಮವರಿಗೆ ಸ್ವಾರಸ್ಯವೆನಿಸೀತು. ರಾಘವಾಂಕನ ಕಾವ್ಯದ ಚಂದ್ರಮತಿ ಇಲ್ಲಿ ತಾರಾಮತಿ. ಲೋಹಿತಾಶ್ವ ಇಲ್ಲಿ ರೋಹಿದಾಸ. ತಾಯಿಯ ಶಿಖರವೇ ಎಲ್ಲಕ್ಕಿಂತ ಎತ್ತರ. ಪಶ್ಚಿಮಕ್ಕೆ ಕೊಂಕಣ ಕಡಾ ಎಂಬ ಭಯಂಕರವಾದ ಪ್ರಪಾತ. ಬಂಡೆ ಒಳಕ್ಕೆ ಬಾಗಿರುವುದರಿಂದ ಅಂಚಿನಲ್ಲಿ ನಿಂತವನಿಗೆ ಕಾಲ ಕೆಳಗೆ ಏನಿದೆಯೆಂದು ಕಾಣದು. ದೂರದಿಂದಲೇ ನೋಡಿರಿ, ಅಂಚಿನಲ್ಲಿ ಚಿತ್ರ ತೆಗೆಯುವ ಆಸೆಯನ್ನು ಅಲ್ಲಿಗೇ ಬಿಡಿರಿ.

ಈ ದಾರಿಯ ಗುಣವೆಂದರೆ, ರತನವಾಡಿ, ಕುಮಶೇತ, ಪಾಚನಈ ಮೂರೂ ರಸ್ತೆಯುಳ್ಳ ಹಳ್ಳಿಗಳು. ಸೋತವನು ಯಾವ ಸಂಜೆಯಾದರೂ ಜೀಪು ಹಿಡಿದು ರಾಜೂರಿಗೆ ಇಳಿದುಬಿಡಬಹುದು. ರಾಜ್ಯದ ಅತ್ಯುನ್ನತ ಶಿಖರವಾದ 1646 ಮೀಟರ್‌ಗಳ ಕಳಸೂಬಾಯಿ ಇದೇ ಸಾಲಿನಲ್ಲಿದೆ. ಅದನ್ನೂ ಇದೇ ರಜೆಯಲ್ಲಿ ಮುಗಿಸುವ ಹಟ ಬೇಡ. ಅದಕ್ಕೆ ಬೇರೊಂದು ಭಾನುವಾರ ಸಾಕು.

ಇದೆಲ್ಲವೂ ಅಭಯಾರಣ್ಯದ ಸೀಮೆ. ಅರಣ್ಯದ ಚೌಕಿಯಲ್ಲಿ ಶುಲ್ಕ ಕೊಟ್ಟು, ಗಡದ ಮೇಲೆ ರಾತ್ರಿ ಉಳಿಯಲು ಅಪ್ಪಣೆಯುಂಟೇ ಎಂದು ಕೇಳಿಕೊಳ್ಳಬೇಕು. ಇಲ್ಲವೆಂದರೆ ಪಾಚನಈಯಲ್ಲಿಯೇ ಮಲಗತಕ್ಕದ್ದು. ಒಣಹುಲ್ಲಿನ ನಡುವೆ ಒಲೆ ಹೂಡಬಾರದು. ರಾತ್ರಿಯ ಚಳಿ ಮುಂಬಯಿಯದಲ್ಲ. ದಪ್ಪ ಕಂಬಳಿಯೊಂದು ಬೇಕೇ ಬೇಕು. ಒಬ್ಬೊಬ್ಬನೂ ಹೊರಡುವಾಗ ಮೂರು ಲೀಟರು ನೀರು ಹೊರಬೇಕು. ಅದೇ ಮೂರು ಕಿಲೋ ಭಾರವಾದುದರಿಂದ ಉಳಿದ ಸಾಮಾನನ್ನು ಕಡಿಮೆ ಮಾಡಬೇಕು. ಅವಲಕ್ಕಿ, ಬೆಲ್ಲ, ಚಟ್ನಿಪುಡಿಗಳಿಗೆ ಸಮನಾದ ಬುತ್ತಿಯಿಲ್ಲ.

ಇನ್ನು ಕಾಲಿನ ಮಾತು. ಬೆಳಗಿನಿಂದ ರಾತ್ರಿಯ ತನಕ ಓಡಾಡುವ ಮಾಣಿಗಳು ತಮಗೆ ನಡಿಗೆಯ ಅಭ್ಯಾಸವಿದೆಯೆಂದು ತಿಳಿಯುವುದು ಸಹಜ. ಆದರೆ ಅದು ಸಮನೆಲದ ಮೇಲಣ ನಡಿಗೆ. ಇಳಿಜಾರಿನಲ್ಲಿ ಮೊಣಕಾಲು ಕೇಳುವ ಬಲ ಬೇರೆ. ಹೊರಡುವ ಮುನ್ನ ಎರಡು ಮೂರು ವಾರದ ರಜೆಗಳಲ್ಲಿ ಬೋರಿವಲಿಯ ರಾಷ್ಟ್ರೀಯ ಉದ್ಯಾನದೊಳಗಿನ ಕಾನ್ಹೇರಿ ಗುಹೆಗಳಿಗೆ ಚೀಲ ಹೊತ್ತು ನಡೆದು ನೋಡಿರಿ. ಸೋಮವಾರ ಅಲ್ಲಿ ಬಾಗಿಲು ಮುಚ್ಚಿರುತ್ತದೆ. ಹೊಸ ಬೂಟನ್ನು ಆಗಲೇ ಪಳಗಿಸಿಕೊಳ್ಳಬೇಕು. ಹೋಟೆಲಿನ ರಬ್ಬರು ಚಪ್ಪಲಿ ಯಾವ ಬೆಟ್ಟಕ್ಕೂ ಆಗದು. ವಾರದ ನಡುವೆ ರಜೆ ಸಿಗುವವರು ಅದನ್ನು ದುರ್ದೈವವೆಂದು ಭಾವಿಸಬೇಕಾಗಿಲ್ಲ; ಶನಿವಾರ ಭಾನುವಾರಗಳ ಜನಜಾತ್ರೆ ಅವರಿಗೆ ತಪ್ಪುತ್ತದೆ.

ಇಳಿಯಲು ತೋಲಾರ ಖಿಂಡಿಯ ದಾರಿಯಿದೆ. ಬಂಡೆಯ ಇಳಿತದಲ್ಲಿ ಹಿಡಿಯಲು ಕಂಬಿಗಳಿವೆ. ಅದು ಖಿರೇಶ್ವರಕ್ಕೆ ಮುಟ್ಟಿಸುತ್ತದೆ. ಅಲ್ಲಿಂದ ಖೂಬೀ ಫಾಟಾಕ್ಕೆ ನಡೆದರೆ ಮಾಳಶೇಜ ಘಾಟಿಯ ಹೆದ್ದಾರಿ. ಕಲ್ಯಾಣದ ಬಸ್ಸು ಅಲ್ಲಿ ಸಿಗುತ್ತದೆ. ನಾಲ್ಕನೆಯ ದಿನ ಮಧ್ಯಾಹ್ನದೊಳಗೆ ಆ ರಸ್ತೆಯನ್ನು ಸೇರುವ ಹಾಗೆ ಹೊರಡಿರಿ. ಯಜಮಾನರಲ್ಲಿ ರಜೆ ಕೇಳುವಾಗಲೇ, ಮರುದಿನ ಬೆಳಗಿನ ಪಾಳಿಯ ಬದಲು ಮಧ್ಯಾಹ್ನದ ಪಾಳಿಯನ್ನು ಕೇಳಿಟ್ಟುಕೊಳ್ಳಿರಿ.