ಶಾಲೆಯ ಗಣಕಭಂಡಾರ ಮತ್ತು ಕಡತಗಳ ಕ್ರಮ

ತಾಡವೋಲೆಗಳ ಪರಿಷ್ಕರಣದಲ್ಲಿ ಕೆಲಕಾಲ ತೊಡಗಿದವರಿಗೆ ಒಂದು ಸಂಗತಿ ಮನವರಿಕೆಯಾಗಿರುತ್ತದೆ. ಗ್ರಂಥವನ್ನು ನಾಶಮಾಡಲು ಗೆದ್ದಲೇ ಬರಬೇಕಾಗಿಲ್ಲ. ಕಟ್ಟು ಬಿಚ್ಚಿ ಗರಿಗಳ ಕ್ರಮ ತಪ್ಪಿದರೂ, ಕರ್ತೃವಿನ ಹೆಸರು ಅಳಿದರೂ ಗ್ರಂಥವು ಇದ್ದೂ ಇಲ್ಲದಂತಾಗುತ್ತದೆ. ಇಂದು ನಮ್ಮ ಗಣಕಯಂತ್ರಗಳಲ್ಲಿರುವ ಪಾಠಟಿಪ್ಪಣಿಗಳಿಗೂ ಅದೇ ಗತಿ ಒದಗದಿರಲೆಂಬ ಆಶಯದಿಂದ ಈ ನಾಲ್ಕು ಮಾತುಗಳನ್ನು ನಿವೇದಿಸುತ್ತಿದ್ದೇನೆ.

ಸರ್ವರ್ ಎಂದರೆ ಎಲ್ಲರ ಸೇವೆಗೆ ನಿಂತ ಒಂದು ಗಣಕಯಂತ್ರ. ಶಾಲೆಯ ಉಳಿದ ಯಂತ್ರಗಳು ಅದಕ್ಕೆ ಜೋಡಣೆಗೊಂಡಿರುತ್ತವೆ. ಅಧ್ಯಾಪಕರು ತಮ್ಮ ಹೆಸರು, ಪಾಸ್‌ವರ್ಡ್‌ಗಳನ್ನು ಕೊಟ್ಟು ಒಳಹೊಕ್ಕು, ಅಲ್ಲಿಯ ಕಡತಗಳನ್ನು ತಮ್ಮ ಯಂತ್ರದಲ್ಲಿಯೇ ತೆರೆಯಬಹುದು. ಆವರಣದೊಳಗಿನ ಜಾಲವಾದುದರಿಂದ ಅಂತರಜಾಲ ಕಡಿದಾಗಲೂ ಇದು ನಡೆಯುತ್ತದೆ, ವಿದ್ಯುತ್ತಿದ್ದರೆ ಸಾಕು. ಆದರೆ ರಾಯಚೂರಿನ ಕಡತವು ಮಾನ್ವಿ, ದೇವದುರ್ಗಗಳ ಅಧ್ಯಾಪಕರಿಗೆ ದೊರೆಯಬೇಕಾದರೆ ಅಂತರಜಾಲ ಬೇಕು, ಇಲ್ಲವೇ ಪೆನ್‌ಡ್ರೈವಿನಲ್ಲಿ ಪ್ರತಿಯನ್ನು ಒಯ್ಯಬೇಕು. ಪ್ರತಿಗಳು ಹೆಚ್ಚಿದಲ್ಲಿ ಪಾಠಾಂತರದ ತೊಡಕು ತಪ್ಪದು.

ನನ್ನದೇ ಅನುಭವವನ್ನು ಹೇಳುವೆ. ಛಂದಸ್ಸಿನ ಪಾಠವೊಂದನ್ನು ಸಿದ್ಧಪಡಿಸಿ ‘ಹೊಸದು’ ಎಂದು ಹೆಸರಿಟ್ಟೆ. ತಿದ್ದಿ ‘ಹೊಸದು 2’ ಎಂದೆ. ಮತ್ತೆ ತಿದ್ದಿ ‘ಕೊನೆಯದು’ ಎಂದೆ. ಪರೀಕ್ಷೆಯ ಮುನ್ನಾದಿನ ಸಹೋದ್ಯೋಗಿಯೊಬ್ಬರು, ಗಣವಿಭಾಗ ತಪ್ಪಿದ್ದ ಮೊದಲ ಪ್ರತಿಯನ್ನೇ ತೆಗೆದು ಮಕ್ಕಳಿಗೆ ಹಂಚಿದರು. ತಪ್ಪು ಅವರದಲ್ಲ, ಹೆಸರಿಡಲರಿಯದ ನನ್ನದು. ಮಕ್ಕಳ ಉತ್ತರಕ್ಕೆ ಅಂಕ ಕಳೆಯುವಾಗ ನನ್ನ ಕೈ ತಡವರಿಸಿತು.

ಹೆಸರಿನ ಮಹಿಮೆಯನ್ನು ನಮ್ಮ ಜಿಲ್ಲೆಯವರೇ ತೋರಿಸಿದ್ದಾರೆ. ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದ ಆಯ್ದಕ್ಕಿ ಮಾರಯ್ಯನವರ ಅಂಕಿತ ‘ಅಮರೇಶ್ವರಲಿಂಗ’. ಅವರ ಪತ್ನಿ ಲಕ್ಕಮ್ಮನವರದು ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’. ಒಂದೇ ಪದದ ಅಂತರದಿಂದ, ಎಂಟು ಶತಮಾನಗಳು ಕಳೆದರೂ ಯಾವ ವಚನ ಯಾರದೆಂಬುದು ತಿಳಿಯುತ್ತದೆ.

ಕಡತಕ್ಕೂ ಇಂತಹ ಅಂಕಿತ ಬೇಕು. ತರಗತಿ, ವಿಷಯ, ಪಾಠ, ದಿನಾಂಕ ಎಂಬ ಕ್ರಮದಲ್ಲಿ ‘10-ಕನ್ನಡ-ಛಂದಸ್ಸು-2025-06-16’ ಎಂದು ಬರೆಯಬಹುದು. ವರ್ಷವನ್ನು ಮೊದಲಿಟ್ಟರೆ ಒಂದೇ ಪಾಠದ ಪ್ರತಿಗಳು ತಾವಾಗಿಯೇ ಕಾಲಾನುಕ್ರಮದಲ್ಲಿ ನಿಲ್ಲುತ್ತವೆ. ಎಂಟನೆಯ ತರಗತಿಯನ್ನು ‘08’ ಎಂದೇ ಬರೆಯತಕ್ಕದ್ದು. ಇಲ್ಲವಾದರೆ ಕೆಲವು ವ್ಯವಸ್ಥೆಗಳಲ್ಲಿ 10 ಮುಂದೆ, 8 ಹಿಂದೆ ಆಗುತ್ತದೆ. ದಿನಾಂಕದ ನಡುವೆ ಓರೆಗೆರೆ ಎಳೆದರೆ ವಿಂಡೋಸ್ ಅದನ್ನು ಒಪ್ಪುವುದಿಲ್ಲ.

ಕಡತಗಳನ್ನಿಡುವ ಫೋಲ್ಡರುಗಳನ್ನು ವರ್ಷ, ತರಗತಿ, ವಿಷಯಗಳಿಗನುಸಾರವಾಗಿ ವಿಭಾಗಿಸಬೇಕೇ ಹೊರತು ಅಧ್ಯಾಪಕರ ಹೆಸರಿನಲ್ಲಲ್ಲ. ನಾನು ನಿವೃತ್ತನಾದ ಮೇಲೆ ನನ್ನ ಹೆಸರಿನ ಫೋಲ್ಡರನ್ನು ಹೊಸಬರು ಏಕೆ ತೆರೆದಾರು? ಓದುವ ಅಧಿಕಾರ ಬೇರೆ, ತಿದ್ದುವ ಅಧಿಕಾರ ಬೇರೆ ಎಂಬುದನ್ನೂ ನೆನಪಿಡಬೇಕು. ಪಾಠವನ್ನು ವಿದ್ಯಾರ್ಥಿಗಳು ಓದಲಿ, ಆಯಾ ವಿಷಯದ ಅಧ್ಯಾಪಕರು ಮಾತ್ರ ತಿದ್ದಲಿ. ಅಂಕಪಟ್ಟಿ, ಪ್ರಶ್ನೆಪತ್ರಿಕೆಗಳು ಪ್ರತ್ಯೇಕವಾಗಿರಲಿ. ಬೆರಳಚ್ಚು ಯೂನಿಕೋಡಿನಲ್ಲಿರಲಿ, ಹಳೆಯ ಫಾಂಟುಗಳಲ್ಲಿ ಬರೆದುದು, ಆ ಫಾಂಟು ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತದೆ.

ಕೊನೆಯದಾಗಿ ರಕ್ಷಣೆಯ ಮಾತು. ಮುಖ್ಯ ಕಡತಗಳಿಗೆ ಮೂರು ಪ್ರತಿಗಳಿರಬೇಕು. ಅವು ಎರಡು ಬಗೆಯ ಸಾಧನಗಳಲ್ಲಿರಬೇಕು. ಒಂದು ಪ್ರತಿ ಬೇರೆ ಊರಿನಲ್ಲಿರಬೇಕು. ರಾಯಚೂರಿನದು ಮಾನ್ವಿಯಲ್ಲಿ, ಮಾನ್ವಿಯದು ದೇವದುರ್ಗದಲ್ಲಿ ಇದ್ದರೆ ಒಂದೆಡೆ ಯಂತ್ರ ಕೆಟ್ಟರೂ ವಿದ್ಯೆ ಉಳಿಯುತ್ತದೆ. ಕೊಠಡಿಗಳನ್ನು ಕಟ್ಟಿಸಿಕೊಡುವ ದಾನಿಗಳು ಒಂದು ಹಾರ್ಡ್ ಡಿಸ್ಕನ್ನೂ ಒಂದು ಯುಪಿಎಸ್ಸನ್ನೂ ಕೊಟ್ಟರೆ ಅದು ಕಿರಿಯ ದಾನವೆನಿಸದು.

ಫ.ಗು. ಹಳಕಟ್ಟಿಯವರು ಮನೆಮನೆಗೆ ಅಲೆದು ಓಲೆಗಳನ್ನು ಸಂಗ್ರಹಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು. ನಮ್ಮ ಪಾಠಗಳನ್ನು ಅರಸುತ್ತ ಮುಂದಿನವರು ಹಾಗೆ ಅಲೆಯಬೇಕಾಗದಂತೆ, ಇಂದೇ ಅವುಗಳನ್ನು ಕ್ರಮವಾಗಿ ಕಟ್ಟಿಡುವುದು ನಮ್ಮ ಕರ್ತವ್ಯ.