ಹುಣ್ಣು ಮತ್ತೆ ಮತ್ತೆ ಏಕೆ ಏಳುತ್ತೆ?

ಒಂದು ದಿನ ಕಲಿಕಾ ಕೇಂದ್ರಕ್ಕೆ ಒಬ್ಬ ತಾಯಿ ಬಂದರು. ಕಂಕುಳಲ್ಲಿ 3 ವರ್ಷದ ಮಗ. ಮಗನ ಕಾಲ ತುಂಬ ಹುಣ್ಣು.

“ಟೀಚರಮ್ಮ, ಮುಲಾಮು ಹಚ್ಚಿದರೆ ಮಾಯುತ್ತೆ. ಹದಿನೈದು ದಿನಕ್ಕೆ ಮತ್ತೆ ಏಳುತ್ತೆ. ಯಾರದೋ ದೃಷ್ಟಿ ತಾಗಿರಬೇಕು” ಎಂದರು.

ನಾನು ಮಗುವಿನ ಕೈ ಮುಟ್ಟಿ ನೋಡಿದೆ. ಚರ್ಮ ಒಣಗಿ ಒರಟಾಗಿತ್ತು.

“ಸಂಜೆ ಹೊತ್ತು ಮಗು ಎಡವುತ್ತಾನಾ?” ಎಂದು ಕೇಳಿದೆ.

“ಹೌದಮ್ಮ. ತಟ್ಟೆ ಮುಂದಿಟ್ಟರೂ ತಡಕಾಡ್ತಾನೆ. ಆಟಕ್ಕೆ ಹಾಗೆ ಮಾಡ್ತಾನೆ ಅಂದ್ಕೊಂಡೆ.”

ಅದು ಆಟವಲ್ಲ. ಇರುಳುಗಣ್ಣು. ಹಾಗೇ ಬಿಟ್ಟರೆ ಕಣ್ಣೇ ಹೋಗಬಹುದು. ಅವತ್ತೇ ಇಬ್ಬರೂ ಮಗುವನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರು ಹುಣ್ಣಿಗೆ ಔಷಧಿ ಕೊಟ್ಟರು. ಜೊತೆಗೆ ‘ಎ’ ಜೀವಸತ್ವದ ಔಷಧಿಯನ್ನೂ ಕುಡಿಸಿದರು. ಇದನ್ನೇ ವಿಟಮಿನ್ ಎ ಅನ್ನುತ್ತಾರೆ.

ಹುಣ್ಣಿಗೂ ‘ಎ’ ಜೀವಸತ್ವಕ್ಕೂ ಏನು ಸಂಬಂಧ?

ನಮ್ಮ ಚರ್ಮ ಮನೆಯ ಗೋಡೆ ಇದ್ದ ಹಾಗೆ. ಗೋಡೆ ಬಿರುಕು ಬಿಟ್ಟರೆ ಹುಳಹುಪ್ಪಟೆ ಒಳಗೆ ಬರುತ್ತವೆ. ಚರ್ಮ ಒಣಗಿ ಬಿರಿದರೆ ರೋಗಾಣುಗಳು ಒಳಗೆ ಬರುತ್ತವೆ. ಆಗ ರಕ್ತದಲ್ಲಿರುವ ಬಿಳಿ ಕಣಗಳು ಅವುಗಳ ಜೊತೆ ಹೋರಾಡುತ್ತವೆ. ಅವೇ ನಮ್ಮ ಕಾವಲುಗಾರರು. ಹುಣ್ಣಿನ ಕೀವಿನಲ್ಲಿ ಇರುವುದು ಹೆಚ್ಚಾಗಿ ಹೀಗೆ ಹೋರಾಡಿ ಸತ್ತ ಬಿಳಿ ಕಣಗಳು.

ಗೋಡೆ ಗಟ್ಟಿ ಇರಬೇಕು. ಕಾವಲುಗಾರರು ಚುರುಕಾಗಿ ಇರಬೇಕು. ಎರಡಕ್ಕೂ ‘ಎ’ ಜೀವಸತ್ವ ಬೇಕು. ಅದು ಕಡಿಮೆಯಾದರೆ ಭೇದಿ, ದಡಾರ ಕೂಡ ಮಕ್ಕಳನ್ನು ಹೆಚ್ಚು ಕಾಡುತ್ತವೆ.

ಇದು ಎಲ್ಲಿ ಸಿಗುತ್ತೆ?

ನುಗ್ಗೆ ಸೊಪ್ಪು, ಹರಿವೆ ಸೊಪ್ಪು, ಮೆಂತ್ಯ ಸೊಪ್ಪಿನಲ್ಲಿದೆ. ಮಾವಿನ ಹಣ್ಣು, ಪರಂಗಿ ಹಣ್ಣು, ಸಿಹಿಗುಂಬಳದಲ್ಲಿದೆ. ಹಾಲು, ಮೊಟ್ಟೆ, ಕುರಿಯ ಈಲಿಯಲ್ಲೂ ಇದೆ. ಸೊಪ್ಪಿಗೆ ಒಂದಿಷ್ಟು ಎಣ್ಣೆ ಹಾಕಿ ಒಗ್ಗರಣೆ ಕೊಡಿ. ಎಣ್ಣೆ ಇದ್ದರೆ ಈ ಸತ್ವ ಮೈಗೆ ಚೆನ್ನಾಗಿ ಹತ್ತುತ್ತೆ.

ಆ ತಾಯಿಯ ಹಿತ್ತಲಲ್ಲೇ ನುಗ್ಗೆ ಮರ ಇತ್ತು. ಕಾಯಿ ಸಂತೆಗೆ, ಸೊಪ್ಪು ಮೇಕೆಗೆ ಹೋಗುತ್ತಿತ್ತು. ಹಿತ್ತಲ ಗಿಡ ಮದ್ದಲ್ಲ ಅನ್ನೋ ಗಾದೆ ಸುಳ್ಳಲ್ಲ!

ನೆನಪಿಡಿ:

ಮಗುವಿಗೆ 9 ತಿಂಗಳಾದಾಗ ‘ಎ’ ಜೀವಸತ್ವದ ಔಷಧಿ ಮೊದಲ ಸಲ ಕುಡಿಸುತ್ತಾರೆ. ಎರಡನೆಯದು ಒಂದೂವರೆ ವರ್ಷದ ಹೊತ್ತಿಗೆ. ಆಮೇಲೆ 5 ವರ್ಷದವರೆಗೆ 6 ತಿಂಗಳಿಗೊಮ್ಮೆ. ಒಟ್ಟು 9 ಸಲ. ಅಂಗನವಾಡಿಯಲ್ಲಿ ಕೇಳಿ. ತಾಯಿ ಕಾರ್ಡಿನಲ್ಲಿ ಬರೆಸಿ. ಬರೆದದ್ದನ್ನು ನೀವೇ ಓದಿ ನೋಡಿ.

ಹೆಚ್ಚು ಕುಡಿಸಿದರೆ ವಿಷವಾಗುತ್ತೆ. ಬಸುರಿಯರು ಡಾಕ್ಟರನ್ನು ಕೇಳದೆ ಇದರ ಮಾತ್ರೆ ನುಂಗಬಾರದು.

ಎಲ್ಲ ಹುಣ್ಣಿಗೂ ಇದೇ ಕಾರಣವಲ್ಲ. ಕಜ್ಜಿಯಿಂದ, ಕೊಳೆಯಿಂದ, ದೊಡ್ಡವರಿಗೆ ಸಕ್ಕರೆ ಕಾಯಿಲೆಯಿಂದಲೂ ಹುಣ್ಣಾಗುತ್ತೆ. ಮತ್ತೆ ಮತ್ತೆ ಎದ್ದರೆ ದೃಷ್ಟಿ ತೆಗೆಯುತ್ತಾ ಕೂರಬೇಡಿ. ಆಸ್ಪತ್ರೆಗೆ ಹೋಗಿ.

ಇವತ್ತು ನಿಮ್ಮ ಮನೆಯಲ್ಲಿ ಯಾವ ಸೊಪ್ಪಿನ ಸಾರು?