ಬಗ್ಗಿ ನೋಡಬೇಕಾದ ಕಾಡು

ಪೈನ್ ಮರಗಳ ನಡುವೆ ಕೂತವನ ತಲೆ ನಿಧಾನಕ್ಕೆ ಮೇಲೇಳುತ್ತದೆ. ತಲೆಯ ಕೆಳಗೆ ಕತ್ತು, ಆಮೇಲೆ ಇನ್ನಷ್ಟು ಕತ್ತು. ಪೂರ್ತಿ ಮೇಲೆ ಹೋದ ತಲೆ ಅತ್ತಿತ್ತ ನೋಡಿ, ಹೇಳಿಕೊಳ್ಳುವಂಥದ್ದೇನೂ ಕಾಣದವನ ಹಾಗೆ ಮತ್ತೆ ಕೆಳಗಿಳಿಯುತ್ತದೆ. ಸುತ್ತ ನಿಂತ ಮಕ್ಕಳೂ ತಮಗೆ ಗೊತ್ತಿಲ್ಲದೆಯೇ ಕತ್ತು ಚಾಚಿರುತ್ತಾರೆ. ಈತ ಗ್ರಿಮ್ ಸೋದರರ ಕಥೆಯೊಂದರ ಸೇವಕ. ನೆದರ್ಲೆಂಡ್ಸಿನ ಕಾಟ್ಸ್‌ಹ್ಯೂವೆಲ್ ಎಂಬ ಊರಿನಲ್ಲಿರುವ ಎಫ್ಟೆಲಿಂಗ್ ಪಾರ್ಕಿನ ಕಥೆಗಳ ಕಾಡಿನಲ್ಲಿ 1952ರಿಂದ ಇವನಿಗೆ ಇದೇ ಉದ್ಯೋಗ.

ಎಫ್ಟೆಲಿಂಗ್‌ನಲ್ಲಿ ಈಗ ಕರುಳು ಬಾಯಿಗೆ ಬರಿಸುವ ರೋಲರ್ ಕೋಸ್ಟರ್‌ಗಳಿವೆ. ಕಾಡಿನೊಳಗೆ ನಿಂತರೂ ದೂರದಿಂದ ಕಿರುಚಾಟ ಕೇಳುತ್ತದೆ. ಅವೆಲ್ಲ ಆಮೇಲೆ ಬಂದವು. ಮೊದಲಿದ್ದದ್ದು ಈ ಕಾಡು, ಇದರೊಳಗೆ ಹತ್ತು ಕಥೆ. ಅಮೆರಿಕದ ಡಿಸ್ನಿಲ್ಯಾಂಡ್ ಬಾಗಿಲು ತೆರೆಯಲು ಆಗ ಇನ್ನೂ ಮೂರು ವರ್ಷ ಬಾಕಿಯಿತ್ತು. ಈಗ ಕಥೆಗಳು ಮೂವತ್ತರ ಆಸುಪಾಸಿನಲ್ಲಿವೆ, ಕಾಲುದಾರಿಗಳು ಮಾತ್ರ ಹಾಗೇ ಸುತ್ತಿ ಬಳಸಿ ಹೋಗುತ್ತವೆ. ಮುಂದಿನ ತಿರುವಿನಲ್ಲಿ ಏನಿದೆ ಎಂದು ಈ ತಿರುವಿನಲ್ಲಿ ಗೊತ್ತಾಗುವುದಿಲ್ಲ.

ಮನೆಗಳ ಚಿತ್ರ ಬರೆದವನು ಆಂಟನ್ ಪೀಕ್ ಎಂಬ ಕಲಾವಿದ. ಒಳಗಿನ ಗೊಂಬೆಗಳಿಗೆ ಚಲನೆ ಕೊಟ್ಟವನು ತಂತ್ರಜ್ಞ ಪೀಟರ್ ರೈಂಡರ್ಸ್. ಪೀಕ್‌ನದು ಒಂದೇ ಹಟ: ಇಟ್ಟಿಗೆ ಎಂದರೆ ಇಟ್ಟಿಗೆಯೇ ಆಗಬೇಕು, ಮರ ಮರವೇ, ಹೆಂಚು ಹೆಂಚೇ. ಹಾಗಾಗಿ ಮಾಟಗಾತಿಯ ಮನೆಯ ಸೂರು ಸೊಟ್ಟಗಿದ್ದರೂ ಗೋಡೆ ಗಟ್ಟಿ. ಕೈಯಿಟ್ಟರೆ ತಣ್ಣಗಿನ ಇಟ್ಟಿಗೆಯ ಒರಟು ಅಂಗೈಗೆ ಹತ್ತುತ್ತದೆ. ಬೇರೆ ಕಡೆಯ ಪಾರ್ಕುಗಳಲ್ಲಿ ಅರಮನೆಯ ಕಂಬ ತಟ್ಟಿದರೆ ಖಾಲಿ ಡಬ್ಬದ ಸದ್ದು ಬರುತ್ತದಲ್ಲ, ಆ ಮೋಸ ಇಲ್ಲಿಲ್ಲ. ಮಕ್ಕಳಿಗೆ ಇದು ಗೊತ್ತಾಗುತ್ತದೆಯೇ ಎಂದು ಕೇಳಬಹುದು. ಗೋಡೆ ಮುಟ್ಟದೆ ಮುಂದೆ ಹೋದ ಒಂದು ಮಗುವನ್ನೂ ನಾನು ನೋಡಲಿಲ್ಲ.

ಇಲ್ಲಿ ಯಾವುದೂ ನಿಮ್ಮ ಕಡೆಗೆ ನುಗ್ಗಿ ಬರುವುದಿಲ್ಲ. ನೀವೇ ಹೋಗಿ ಇಣುಕಬೇಕು. ದೊಡ್ಡವರು ಬೆನ್ನು ಬಗ್ಗಿಸಿ, ಗಾಜಿಗೆ ಹಣೆಯೊತ್ತಿ ನಿಲ್ಲುತ್ತಾರೆ. ದಾರಿ ಪಕ್ಕದ ಕೆಂಪು ಅಣಬೆಗಳಿಂದ ಹಾರ್ಪ್ಸಿಕಾರ್ಡಿನ ಕಿಣಿಕಿಣಿ ಹೊಮ್ಮುತ್ತಿರುತ್ತದೆ. ಪುಟ್ಟ ಮಕ್ಕಳು ಅಣಬೆಗೆ ಕಿವಿ ಹಚ್ಚಿ, ಆಮೇಲೆ ಅಪ್ಪನನ್ನೂ ಮಂಡಿಯೂರಿಸಿ ಕೇಳಿಸುತ್ತಾರೆ. ನಿದ್ರಾಸುಂದರಿಯ ಕೋಟೆಯಲ್ಲಿ ಕಾವಲುಗಾರ ಗೊರಕೆ ಹೊಡೆಯುತ್ತಿದ್ದಾನೆ. ಒಳಗೆ ಮಂಚದ ಮೇಲೆ ರಾಜಕುಮಾರಿ. ಎಷ್ಟು ಹೊತ್ತು ನೋಡಿದರೂ ಏನೂ ನಡೆಯುವುದಿಲ್ಲ. ಸರಿ, ಹೊರಡೋಣ ಎನ್ನುವಾಗ ಅವಳ ಎದೆ ಒಂದಿಷ್ಟು ಮೇಲೆದ್ದು ಇಳಿದದ್ದು ಕಾಣುತ್ತದೆ. ಉಸಿರಾಡುತ್ತಿದ್ದಾಳೆ! ಗೊತ್ತಾದ ಮೇಲೆ ಕಾಲು ಕೀಳಲು ಮನಸ್ಸು ಬಾರದು.

2004ರಲ್ಲಿ ಸೇರಿದ ಬೆಂಕಿಕಡ್ಡಿ ಮಾರುವ ಹುಡುಗಿಯ ಕಥೆಯ ಮುಂದೆ ಮಾತ್ರ ಅಮ್ಮಂದಿರು ಸ್ವಲ್ಪ ತಡವರಿಸುತ್ತಾರೆ. ಆ್ಯಂಡರ್ಸನ್ ಬರೆದಂತೆ ಹುಡುಗಿ ಚಳಿಯಲ್ಲಿ ಸಾಯುತ್ತಾಳೆ. ಪಾರ್ಕಿನವರು ಅದನ್ನು ಸಿಹಿ ಮಾಡಲು ಹೋಗಿಲ್ಲ. ನನಗೆ ಅದು ಸರಿಯೆನಿಸಿತು. ನಮ್ಮ ಅಜ್ಜಿಯರು ಪುಣ್ಯಕೋಟಿಯ ಹುಲಿಯನ್ನು ಬೆಟ್ಟದಿಂದ ಹಾರಿಸಿ ಸಾಯಿಸಿಯೇ ಅಲ್ಲವೆ ನಮ್ಮನ್ನು ಮಲಗಿಸುತ್ತಿದ್ದದ್ದು!

ಗುಹೆಯೊಳಗಿನ ‘ಭಾರತದ ನೈದಿಲೆಗಳು’ ನೋಡಲು ನಾನು ಸ್ವಲ್ಪ ಜಂಬದಿಂದಲೇ ಹೋದೆ, ನಮ್ಮದಲ್ಲವೆ ಎಂದು. ಕೊಳದ ಮೇಲೆ ಕುಣಿಯಲು ಬಂದ ಸುಂದರಿಯರನ್ನು ಮಾಟಗಾತಿ ನೈದಿಲೆಗಳಾಗಿಸಿದ ಕಥೆ. ಬರೆದವಳು ಬೆಲ್ಜಿಯಂನ ರಾಣಿ ಫಾಬಿಯೋಲಾ, ಅದೂ ರಾಣಿಯಾಗುವ ಮೊದಲು, ಸ್ಪೇನಿನಲ್ಲಿದ್ದಾಗ. 1966ರಲ್ಲಿ ಅದು ಇಲ್ಲಿಗೆ ಬಂತು. ಹೂವರಳುವಾಗ ಮೊಳಗುವ ಸಂಗೀತ ಜರ್ಮನಿಯ ಬರ್ಟ್ ಕೆಂಪ್ಫರ್ಟನದು, ಅದರ ಹೆಸರಿನಲ್ಲಿರುವುದು ಆಫ್ರಿಕ. ಮಾಟಗಾತಿಯ ಕಂಠ ಪೆರುವಿನ ಗಾಯಕಿ ಈಮಾ ಸುಮಾಕ್‌ಳದು. ಇಷ್ಟೂ ದೇಶಗಳ ನಡುವೆ ಭಾರತ ಎಲ್ಲಿದೆ ಎಂದು ಹುಡುಕುತ್ತಲೇ ಇದ್ದೆ, ಆಟ ಮುಗಿಯಿತು. ಆದರೂ ಕತ್ತಲಲ್ಲಿ ಒಂದೊಂದೇ ಹೂವು ಬಿಚ್ಚಿಕೊಂಡು ಒಳಗಿನಿಂದ ಹೆಣ್ಣೊಬ್ಬಳು ಎದ್ದು ಕುಣಿಯುವಾಗ ಊರುಕೇರಿ ಕೇಳಬೇಕೆನಿಸಲಿಲ್ಲ.

ಇಷ್ಟು ಜನ ಓಡಾಡುವ ಕಾಡಿನಲ್ಲಿ ಕಸ ಕಾಣದಿರಲು ಕಾರಣ ಒಬ್ಬ ಹೊಟ್ಟೆಬಾಕ. ಡಚ್ ಶಿಶುಪ್ರಾಸದ ಈ ಡೊಳ್ಳುಹೊಟ್ಟೆಯ ಹೊಲ್ಲೆ ಬೊಲ್ಲೆ ಹೈಸ್ ಅಗಲಕ್ಕೆ ಬಾಯಿ ತೆರೆದುಕೊಂಡು, “ಪಾಪೀರ್ ಹೀರ್!” ಎನ್ನುತ್ತಾನೆ. ಕಾಗದ ಇಲ್ಲಿ ಹಾಕಿ ಅಂತ. ಬಾಯಿಯ ಬಳಿ ಕಾಗದ ಹಿಡಿದರೆ ಸುರ್ರನೆ ಎಳೆದುಕೊಂಡು ಥ್ಯಾಂಕ್ಸ್ ಹೇಳುತ್ತಾನೆ. 1950ರ ದಶಕದ ಕೊನೆಯಿಂದ ಪಾರ್ಕಿನ ಉದ್ದಗಲಕ್ಕೂ ಇವನ ಸಂತಾನ ಬೆಳೆದಿದೆ. ಕಸ ಹಾಕಬೇಡಿ ಎಂಬ ಬೋರ್ಡು ಮಾಡಲಾರದ ಕೆಲಸ ಇವನು ಮಾಡುತ್ತಾನೆ: ಮಕ್ಕಳು ಬೆಂಚಿನಡಿ ತೂರಿ ಕಾಗದ ಹೆಕ್ಕುತ್ತಾರೆ.

ಅವನ ಮುಂದಿನ ಸಾಲಿನಲ್ಲಿ ಕನ್ನಡ ಕೇಳಿಸಿತು. ಐಂಡ್‌ಹೋವನ್ನಿನಲ್ಲಿ ಕೆಲಸಕ್ಕಿರುವ ಬೆಂಗಳೂರಿನ ಕುಟುಂಬ. ಅಲ್ಲಿಂದ ಇಲ್ಲಿಗೆ ಕಾರಿನಲ್ಲಿ ಒಂದು ಗಂಟೆಯೂ ಬೇಡ.

“ಅಪ್ಪಾ, ಇನ್ನೊಂದ್ ಪೇಪರ್ ಕೊಡಪ್ಪಾ.”

“ಆಗ್ಲೇ ಎಲ್ಲಾ ಕೊಟ್ನಲ್ಲೋ.”

“ಜೇಬಲ್ಲಿದೆ ನೋಡು!”

ಕಾಫಿ ಬಿಲ್ಲು ಹೋಯಿತು. ಐಸ್‌ಕ್ರೀಮಿನ ಕಾಗದ ಹೋಯಿತು. ಇನ್ನೊಂದು ಸಣ್ಣ ಚೀಟಿಯೂ ಸುರ್ರೆಂದು ಒಳಗೆ ಹೋಯಿತು. ಹುಡುಗ ಕೇಕೆ ಹಾಕುತ್ತಿರುವಾಗಲೇ ಬೆಂಚಿನ ಮೇಲೆ ಕೂತಿದ್ದ ಅಮ್ಮ ಕೇಳಿದರು, “ರೀ, ಪಾರ್ಕಿಂಗ್ ಚೀಟಿ ನಿಮ್ ಹತ್ರಾನೇ ಇದೆ ತಾನೆ?”